ನೀರುಗಳ್ಳ ಮಾವ, ಎರಡು ಆಲೂಗಡ್ಡೆ

ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕು ಜಾಲಾಡಿದರೂ ನಮ್ಮ ಮಾವನಂಥ ಕಳ್ಳ ಇನ್ನೊಬ್ಬ ಸಿಗುವುದಿಲ್ಲ. ಹೇಳಿಕೊಳ್ಳಲು ನನಗೇನೂ ನಾಚಿಕೆ ಇಲ್ಲ, ಊರಿಗೇ ಗೊತ್ತಿದ್ದ ಮಾತು. ಏನು ಕದಿಯುತ್ತಿದ್ದ? ಬಂಗಾರವಾ? ಇಲ್ಲ. ಪಕ್ಕದ ಹೊಲದ ಶೇಂಗಾ? ಅದೂ ಇಲ್ಲ. ಕುರಿ? ಛೆ, ಮೀಸೆ ಮೂಡುವ ಮೊದಲಿನಿಂದ ಕುರಿ ಕಾಯ್ದವನು ಕುರಿ ಕದಿಯುತ್ತಾನಾ! ಅವನು ಕದಿಯುತ್ತಿದ್ದದ್ದು ನೀರು. ಬರೀ ಕುಡಿಯುವ ನೀರು. ಅದೂ ಸ್ವಂತ ಮನೆಯ ಬಿಂದಿಗೆಯಿಂದ!

ಮಾವ ಅಂದರೆ ಅವ್ವನ ತಮ್ಮ. ಕೊಂಡ್ಲಹಳ್ಳಿಯ ನಮ್ಮ ಮನೆಯಲ್ಲಿ ಅವ್ವ, ನಾನು, ತಂಗಿ ಭಾಗ್ಯ, ಮಾವ, ಇಷ್ಟೇ ಜನ. ಅಪ್ಪ ನಾವು ಚಿಕ್ಕವರಿದ್ದಾಗಲೇ ಹೋದ. ಆಗ ಮಾವ ತನ್ನ ಕುರಿ ಹಿಂಡು ಹೊಡೆದುಕೊಂಡು, "ಒಂದು ವಾರ ಇದ್ದು ಹೋಗ್ತೀನಿ ಅಕ್ಕ" ಎಂದು ಬಂದ. ಆ ವಾರ ಮುಗಿಯಲೇ ಇಲ್ಲ. ಮದುವೆಯೂ ಆಗಲಿಲ್ಲ. ಯಾರಾದರೂ ಕೇಳಿದರೆ ಹಿಂಡಿನ ಕಡೆ ಕೈ ತೋರಿಸಿ, "ಇಷ್ಟು ಜನ ಸಾಲ್ದಾ? ಇವುಕ್ಕೇ ಹೆಸರಿಟ್ಟು ಸಾಕಾಗೈತೆ" ಅನ್ನುತ್ತಿದ್ದ.

ಹೆಸರಿಟ್ಟಿದ್ದೇನೋ ನಿಜ. ಕೆಂಚಿ, ಚುಕ್ಕಿ, ಮೋಟಿ, ಕರಿಕಿವಿ... ಒಂದೊಂದು ಕುರಿಗೂ ಒಂದೊಂದು ಹೆಸರು. ಮಾತಾಡುತ್ತಿದ್ದದ್ದು ಮಾತ್ರ ತೆಲುಗಿನಲ್ಲಿ. ಅವನು ಹುಟ್ಟಿ ಬೆಳೆದದ್ದು ಆಂಧ್ರ ಗಡಿಯ ಪಕ್ಕದ ಹಳ್ಳಿ. ಮನುಷ್ಯರ ಹತ್ತಿರ ಕನ್ನಡ, ಕುರಿಗಳ ಹತ್ತಿರ ತೆಲುಗು. ನಮ್ಮ ಮೇಲೆ ಪ್ರೀತಿ ಉಕ್ಕಿದರೆ ನಮ್ಮ ಹತ್ತಿರವೂ ತೆಲುಗು. ಅವನ ಲೆಕ್ಕದಲ್ಲಿ ಅದು ಬಡ್ತಿ!

ಇಂಥವನ ಕಿಡ್ನಿ ಎರಡೂ ಕೈಕೊಟ್ಟವು. ಮುಖ ಊದಿತು, ಕಾಲು ಊದಿತು. ಕುರಿ ಮಾರಿದೆವು. ವಾರ ವಾರ ಚಳ್ಳಕೆರೆಗೆ ಹೋಗಿ ಮೆಷಿನ್‌ನಲ್ಲಿ ರಕ್ತ ತೊಳೆಸಿಕೊಂಡು ಬರುವುದು ಶುರುವಾಯಿತು. ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: "ಇವರಿಗೆ ಉಪ್ಪು ಕೊಡಬೇಡಿ. ನೀರು ಅಳೆದು ಕೊಡಿ. ಕುಡಿದ ನೀರು ಹೊರಗೆ ಹೋಗೋಕೆ ದಾರಿ ಇಲ್ಲ. ಜಾಸ್ತಿ ಆದರೆ ಎದೆಯಲ್ಲಿ ನಿಲ್ಲುತ್ತೆ, ಉಸಿರು ಕಟ್ಟುತ್ತೆ. ಆಮೇಲೆ ನಮ್ಮ ಕೈಲಿ ಏನೂ ಇರಲ್ಲ." ಆಲೂಗಡ್ಡೆ, ಬಾಳೆಹಣ್ಣು, ಎಳನೀರು, ಎಲ್ಲಕ್ಕೂ ತಡೆ.

ಮಾವ ಎಲ್ಲವನ್ನೂ ತಲೆ ಅಲ್ಲಾಡಿಸುತ್ತಾ ಕೇಳಿದ. ಕೊನೆಗೆ, "ಸಾಯಾಕೆ ಏನಾದ್ರೂ ತಡೆ ಐತಾ ಸಾರ್?" ಎಂದ.

ನೀರು ಅಳೆಯುವ ಕೆಲಸ ಭಾಗ್ಯ ತೆಗೆದುಕೊಂಡಳು. ಅವಳು ಚಳ್ಳಕೆರೆಯಲ್ಲಿ ಪಿಯುಸಿ ಸೈನ್ಸ್ ಓದುತ್ತಿದ್ದವಳು. ಕೆಮ್ಮಿನ ಔಷಧಿ ಬಾಟಲಿಯ ಮುಚ್ಚಳ ಇರುತ್ತದಲ್ಲ, ಗೀಟು ಹಾಕಿದ್ದು, ಅದರಲ್ಲಿ ನೀರು ಅಳೆದು ಅಳೆದು ಮಾವನ ಲೋಟಕ್ಕೆ ಬಿಡುತ್ತಿದ್ದಳು. ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಮ್ಮಿ ಇಲ್ಲ. ಮಾವ ಆ ಮುಚ್ಚಳವನ್ನು ನೋಡುತ್ತಿದ್ದ ನೋಟವೇ ನೋಟ! ಆಜನ್ಮ ವೈರಿಯನ್ನೂ ಯಾರೂ ಹಾಗೆ ನೋಡುವುದಿಲ್ಲ.

"ಭಾಗ್ಯವ್ವ, ಗುಬ್ಬಿಗೆ ನೀರು ಬಿಡ್ತಿದೀಯಾ, ಮನುಷ್ಯನಿಗಾ?"

"ಮನುಷ್ಯ ಬದುಕ್ಲಿ ಅಂತ ಗುಬ್ಬಿಯಷ್ಟು ಬಿಡ್ತಿದೀನಿ ಮಾವ. ಕುಡಿ."

ಅಲ್ಲಿಂದ ಕಳ್ಳತನ ಶುರು.

ಒಂದು ದಿನ ಬಿಂದಿಗೆಗೆ ಬಾಯಿ ಹಚ್ಚಿ ನಿಂತವನನ್ನು ಅವ್ವ ಹಿಡಿದಳು. ಮಾವ ಗಾಬರಿಯಾಗಲಿಲ್ಲ. ಮೀಸೆ ಒರೆಸಿಕೊಂಡು, "ಡಾಕ್ಟ್ರು ಏನಂದ್ರು? ನೀರು ಕುಡೀಬ್ಯಾಡ ಅಂದ್ರು. ನಾ ಕುಡಿದಿದ್ದು ನೀಳ್ಳು" ಎಂದ. ತೆಲುಗಿನಲ್ಲಿ ನೀರಿಗೆ ನೀಳ್ಳು ಅನ್ನುತ್ತಾರೆ. "ಆ ಡಾಕ್ಟ್ರು ದಾವಣಗೆರೆ ಕಡೆಯೋನು. ಅವನ ಆರ್ಡರ್ ಕನ್ನಡಕ್ಕೆ ಮಾತ್ರ."

ಇನ್ನೊಂದು ದಾರಿ ದೇವರದು. ಹುಟ್ಟಿದಾಗಿನಿಂದ ಗುಡಿ ಮೆಟ್ಟಿಲು ಹತ್ತದವನು ದಿನಾ ಹೋಗಲು ಶುರು ಮಾಡಿದ. ಪೂಜಾರಪ್ಪ ದಾರಿಯಲ್ಲಿ ನನ್ನ ಲಗೇಜ್ ಆಟೊ ನಿಲ್ಲಿಸಿ, "ನಿಮ್ಮ ಮಾವಗೆ ಭಕ್ತಿ ಬಾಳ ಆಗೈತಪ್ಪ. ತೀರ್ಥ ತಗಂಡು, ಒಂದು ಸುತ್ತು ಹಾಕಿ ಮತ್ತೆ ಸಾಲಿನಾಗೆ ನಿಂತ್ಕಂತಾನೆ. ದೇವ್ರೇ ಸುಸ್ತಾಗೈತೆ" ಎಂದ.

ಸ್ನಾನದ್ದು ಎಲ್ಲಕ್ಕಿಂತ ಮಜಾ. ಬಚ್ಚಲಲ್ಲಿ ಹಂಡೆ ತುಂಬ ನೀರು, ಬಾಗಿಲು ಹಾಕಿಕೊಂಡ ಮಾವ. ಒಳಗೆ ಏನು ಮಾಡುತ್ತಾನೆ ಅಂತ ಹೇಗೆ ಗೊತ್ತಾಗಬೇಕು? ಅವ್ವ ಒಂದು ಉಪಾಯ ಕಂಡುಹಿಡಿದಳು. ಬಾಗಿಲ ಹೊರಗೆ ಕುಕ್ಕರಗಾಲಲ್ಲಿ ಕೂತು, "ಲೇ ತಮ್ಮ, ಮಾತಾಡು! ಮಾತಾಡ್ತಾ ಇರು!" ಅನ್ನುವಳು. ಮಾತಾಡುವ ಬಾಯಿಗೆ ಕುಡಿಯಲಾಗುವುದಿಲ್ಲವಲ್ಲ! ಮಾವನಿಗೆ ಮಾತಾಡಲು ಏನಿದೆ? ಮಾರಿದ ಕುರಿಗಳ ಹೆಸರು ಕೂಗುತ್ತಿದ್ದ. "ಕೆಂಚೀ... ಚುಕ್ಕೀ... ಮೋಟೀ... ಕರಿಕಿವೀ..." ನಡುವೆ ಸದ್ದು ನಿಂತರೆ ಅವ್ವ ಬಾಗಿಲು ಬಡಿಯುವಳು.

"ಯಾಕ್ಲೇ ನಿಂತೋಯ್ತು?"

"ಮೋಟಿ ಆದ್ಮೇಲೆ ಯಾವ್ದು ಅಂತ ನೆನಪು ಮಾಡ್ಕಂತಿದ್ದೆ ಅಕ್ಕ!"

ನೆನಪು ಮಾಡಿಕೊಳ್ಳುವವನ ಗಂಟಲು ಗಟಗಟ ಅನ್ನುತ್ತದಾ ಸ್ವಾಮಿ?

ಆದರೆ ಕಳ್ಳತನ ಮುಚ್ಚಿಟ್ಟುಕೊಳ್ಳಲು ಆಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೆಷಿನ್‌ಗೆ ಹಾಕುವ ಮೊದಲು ತೂಕ ಮಾಡುತ್ತಾರೆ. ಕುಡಿದ ನೀರೆಲ್ಲ ತೂಕದಲ್ಲಿ ಬಂದುಬಿಡುತ್ತದೆ. ಮಾವ ತೂಕ ಇಳಿಸಲು ಟವೆಲ್ ಬಿಚ್ಚಿದ, ಅಂಗಿ ಬಿಚ್ಚಿದ, ತೋಳಿನ ತಾಯತ ಬಿಚ್ಚಿದ. ಆದರೂ ಮುಳ್ಳು ಇಳಿಯಲಿಲ್ಲ. "ಉಡದಾರ ಬಿಚ್ಲಾ ಸಿಸ್ಟರಮ್ಮ?" ಎಂದ. ನರ್ಸ್ ಮುಖ ತಿರುಗಿಸಿ ನಕ್ಕಳು. ಅವ್ವ ನಗಲಿಲ್ಲ. ಹಣೆ ಬಡಿದುಕೊಂಡಳು. ಗಂಡಸಿನ ಸೊಂಟದ ದಾರ ಬಿಚ್ಚುವುದು ಹೆಣಕ್ಕೆ ಮಾತ್ರ.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವ ಅವನಿಗೆ ಪೂರ್ತಿ ದಾರಿ ಬೈದಳು. ಬಿ.ಜಿ. ಕೆರೆ ಬರುವಷ್ಟರಲ್ಲಿ ಬೈಗುಳ ಖಾಲಿಯಾಗಿ ಅಳು ಬಂತು. "ಮದುವೆ ಆಗು ಅಂದ್ರೆ ಆಗ್ಲಿಲ್ಲ. ಸಾಯೋ ಹೊತ್ತಿಗೆ ಬಾಯಿಗೆ ನೀರು ಬಿಡೋಕೆ ಒಂದು ಮಗ ಇಲ್ಲ ನಿಂಗೆ."

ಮಾವ ಕಿಟಕಿ ಕಡೆ ನೋಡುತ್ತಾ, "ಬಿಡೋರು ಇಲ್ದಿದ್ರೆ ಹೋಗ್ಲಿ ಅಕ್ಕ. ಇರೋರೆಲ್ಲ ಕಿತ್ಕಣೋರೇ ಆದ್ರಿ!" ಎಂದ. ಹಿಂದಿನ ಸೀಟಿನವರು ನಕ್ಕರು.

ಇಷ್ಟರ ಮೇಲೆ ನಮ್ಮ ಮನೆಗೆ ಆಲೂಗಡ್ಡೆ ಬಂತು.

ಭಾಗ್ಯಳ ಬಯಾಲಜಿ ಮೇಡಂ, ಎಲ್ಲರೂ ಮನೆಯಲ್ಲಿ ಒಂದು ಪ್ರಯೋಗ ಮಾಡಿ ಏನಾಯಿತು ಅಂತ ಬಂದು ಹೇಳಬೇಕು, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಅದನ್ನೇ ಕೇಳುತ್ತೇನೆ ಎಂದಿದ್ದರಂತೆ. ಹೈಸ್ಕೂಲಿನಲ್ಲಿ ಅದಕ್ಕೆ ಅಭಿಸರಣೆ ಅನ್ನುತ್ತಿದ್ದರಂತೆ, ಕಾಲೇಜಿನಲ್ಲಿ ಆಸ್ಮೋಸಿಸ್ ಅಂತೆ. ಅವ್ವನ ಕಿವಿಗೆ ಬಿದ್ದದ್ದು ಮೂರನೆಯದು. "ಆಲೂಗಡ್ಡೆಗೆ ಅಭಿಷೇಕ ಮಾಡ್ತೀಯೇನೇ? ಕಾಲೇಜಿನಾಗೆ ಇದ್ನೂ ಹೇಳಿಕೊಡ್ತಾರಾ?"

ಕೆಲಸ ಸುಲಭ. ಎರಡು ಆಲೂಗಡ್ಡೆ. ಒಂದು ಹಸಿಯದು, ಒಂದು ಬೇಯಿಸಿದ್ದು. ಎರಡಕ್ಕೂ ಸಿಪ್ಪೆ ಹೆರೆದು, ನಡುವೆ ಬಟ್ಟಲಿನ ಹಾಗೆ ಗುಳಿ ಕೊರೆದು, ಗುಳಿಯಲ್ಲಿ ಒಂದು ಚಿಟಿಕೆ ಉಪ್ಪು ಹಾಕಿ, ನೀರು ತುಂಬಿದ ತಟ್ಟೆಗಳಲ್ಲಿ ಇಡುವುದು. ಬೆಳಿಗ್ಗೆ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ಹಸಿ ಗೆಡ್ಡೆಯ ಗುಳಿಯಲ್ಲಿ ನೀರು ತುಂಬಿರುತ್ತದೆ. ತಟ್ಟೆಯ ನೀರು ಗೆಡ್ಡೆಯ ಮೈಯೊಳಗೆ ಹಾದು ಉಪ್ಪಿದ್ದ ಕಡೆ ಬರುತ್ತದೆ.

ಮಾವ ಕಂಬಳಿ ಹೊದ್ದು ಪಕ್ಕದಲ್ಲೇ ಕೂತು ಎಲ್ಲ ನೋಡಿದ. "ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತ ನಮ್ಮಜ್ಜಿನೂ ಹೇಳಿದ್ಲು. ಇದ್ಕೆ ಚಳ್ಳಕೆರೆಗೆ ಹೋಗ್ಬೇಕಾ?" ಎಂದ. ಆಮೇಲೆ ಬೇಯಿಸಿದ್ದಕ್ಕೆ ಬೆರಳು ತೋರಿಸಿದ. "ಇದು ಯಾಕೆ?"

"ಇದು ನೀರು ಎಳೆಯಲ್ಲ ಮಾವ, ಅದ್ನ ತೋರ್ಸಾಕೆ."

"ಯಾಕೆ ಎಳೆಯಲ್ಲ? ಅದೂ ಉಪ್ಪು ತಿಂದೈತಲ್ಲ."

"ಬೇಯಿಸಿದ್ಮೇಲೆ ಜೀವ ಹೋಯ್ತಲ್ಲ. ಜೀವ ಇರೋದು ಮಾತ್ರ ಎಳೀತೈತೆ."

"ಓಹೋ! ಹಂಗಾದ್ರೆ ನಂಗೆ ಬಾಳ ಜೀವ ಐತೆ" ಎಂದು ತುಟಿ ಸವರಿಕೊಂಡ. ಆ ತುಟಿ ಒಣಗಿ ಬಿರಿದಿದ್ದನ್ನು ಅವತ್ತು ಯಾರೂ ಸರಿಯಾಗಿ ನೋಡಲಿಲ್ಲ.

ಮಧ್ಯಾಹ್ನ ಭಾಗ್ಯ ಬಂದು ನೋಡಿದರೆ ತಟ್ಟೆ ಒಣಗಿದೆ. ಗುಳಿಯಲ್ಲೂ ಹನಿ ನೀರಿಲ್ಲ, ಉಪ್ಪೂ ಇಲ್ಲ. ಅವ್ವ ಹಲ್ಲಿ ಅಂದಳು. ನಾನು ಇಲಿ ಅಂದೆ. ಮಾವ ಗಂಭೀರವಾಗಿ, "ಹಸಿ ಗೆಡ್ಡೆ. ಹರೇದ ವಯಸ್ಸು. ಪೂರಾ ಕುಡಿದಿರ್ತೈತೆ ಬಿಡು" ಎಂದ. ಹುಡುಗಿ ಕಂಡಿದ್ದನ್ನೇ ಹೋಗಿ ಹೇಳಿದಳು. ಮೇಡಂ ಕ್ಲಾಸಿನ ಎದುರಿಗೆ, "ಏನಮ್ಮ, ನಿನ್ನದು ಆಲೂಗಡ್ಡೆನಾ ಎಮ್ಮೆನಾ?" ಎಂದರಂತೆ.

ಮತ್ತೆ ಇಟ್ಟಳು. ಈ ಸಲ ನೀರೂ ಇಲ್ಲ, ಬೇಯಿಸಿದ ಆಲೂಗಡ್ಡೆಯೂ ಇಲ್ಲ! ತಟ್ಟೆ ಮಾತ್ರ ಇತ್ತು. ಪುಣ್ಯ, ಸ್ಟೀಲಿನದು. ಮೇಡಂ ಕೇಳಿದರಂತೆ: "ಬೇಯಿಸಿದ್ದು ಎಲ್ಲಿಗೆ ಹೋಯ್ತು? ಅದೇನು ಆಸ್ಮೋಸಿಸ್ ಆಗಿ ಗೋಡೆ ದಾಟಿ ಹೋಯ್ತಾ?" ಭಾಗ್ಯ ಬಸ್ಸಿನಲ್ಲಿ ಅತ್ತುಕೊಂಡು ಬಂದಳು. ಮುಂದಿನ ಸಲ ನೀರಿಗೆ ಒಂದೆರಡು ಹನಿ ನೀಲಿ ಇಂಕು ಹಾಕು, ನೀರು ಎಲ್ಲಿ ಹೋಗುತ್ತದೆ ಅಂತ ಕಾಣುತ್ತದೆ ಎಂದು ಮೇಡಮ್ಮೇ ಹೇಳಿ ಕಳಿಸಿದ್ದರು.

ಹಾಗೇ ಮಾಡಿದಳು. ನೀರು ಎಲ್ಲಿ ಹೋಯಿತು ಅಂತ ಕಂಡಿತು. ಮಾವನ ಬಿಳಿ ಮೀಸೆ ನೀಲಿಯಾಗಿತ್ತು.

ಹಲ್ಲು ನೀಲಿ, ನಾಲಿಗೆ ನೀಲಿ. ಅಂಗಳದಲ್ಲಿ ಕೂತು ಏನೂ ಆಗದವನ ಹಾಗೆ ಬೀಡಿ ಹುಡುಕುತ್ತಿದ್ದ. ಅವ್ವ ಪೊರಕೆ ಹಿಡಿದುಕೊಂಡೇ ಬಂದಳು. ಮಾವ ಎರಡೂ ಕೈ ಎತ್ತಿ ಕೂಗಿದ: "ಶಿವಪ್ಪಗೆ ಗಂಟಲು ನೀಲಿ ಆದ್ರೆ ಕಾಯಿ ಒಡೀತೀರಿ, ನಂಗೆ ಮೀಸೆ ನೀಲಿ ಆದ್ರೆ ಪೊರಕೆ ತರ್ತೀರಿ! ಇದ್ಯಾವ ನ್ಯಾಯ?"

ನಕ್ಕೆವು. ಅವ್ವನೂ ಪೊರಕೆ ಎಸೆದು ನಕ್ಕಳು. ಭಾಗ್ಯ ನಗಲಿಲ್ಲ. ಅವನ ಪಾದವನ್ನೇ ನೋಡುತ್ತಿದ್ದಳು. ಚಪ್ಪಲಿ ಹಿಡಿಯದಷ್ಟು ಊದಿತ್ತು.

ಮಾರನೇ ದಿನ ಬೆಳಿಗ್ಗೆ ಮಾವನಿಗೆ ಉಸಿರು ಸಿಗಲಿಲ್ಲ. ಮಲಗಲು ಆಗುತ್ತಿಲ್ಲ, ಕೂರಲು ಆಗುತ್ತಿಲ್ಲ. ಎದೆಯೊಳಗೆ ಗುಳುಗುಳು ಸದ್ದು, ಬಿಂದಿಗೆಯನ್ನು ನೀರಲ್ಲಿ ಮುಳುಗಿಸಿದಾಗ ಬರುತ್ತದಲ್ಲ, ಹಾಗೆ. ಲಗೇಜ್ ಆಟೊದ ಹಿಂದೆ ಹಾಸಿಗೆ ಹಾಕಿ ಚಳ್ಳಕೆರೆಗೆ ಹೊಡೆದೆ. ಅವ್ವ ಅವನನ್ನು ಎದೆಗೆ ಒರಗಿಸಿಕೊಂಡು ಕೂತಿದ್ದಳು. ಭಾಗ್ಯ ನನ್ನ ಪಕ್ಕ ಕೂತು ದಾರಿ ಪೂರ್ತಿ ಒಂದೇ ಮಾತು: "ಉಪ್ಪು ನಾನೇ ಇಟ್ಟಿದ್ದು ಅಣ್ಣ. ನೀರೂ ನಾನೇ ಇಟ್ಟಿದ್ದು." ನಾನು "ಮುಚ್ಕಂಡು ಕೂರೇ" ಅಂದೆ.

ಮೆಷಿನ್‌ಗೆ ಹಾಕಿ ನೀರು ಎಳೆದರು. ಬದುಕಿದ. "ಇನ್ನೊಂದ್ಸಲ ಹಿಂಗಾದ್ರೆ ಇಲ್ಲಿವರೆಗೂ ಬರಲ್ಲ ಇವರು" ಎಂದರು ಡಾಕ್ಟರು. ಮಾವ ಕಣ್ಣು ಬಿಟ್ಟವನು ಮೊದಲು ಮೆಷಿನ್ ನೋಡಿದ. "ಮದುವೆ ಆಗ್ದೇನೇ ಅತ್ತೆ ಸಿಕ್ಲಲ್ಲೋ ಅಳಿಯ. ಹೆಂಗೆ ರಕ್ತ ಹೀರ್ತಾಳೆ ನೋಡು" ಎಂದ. ಆಮೇಲೆ ಭಾಗ್ಯಳನ್ನು ಹುಡುಕಿದ. ಅವಳು ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತಿದ್ದಳು.

ಮನೆಗೆ ಬಂದವಳೇ ಉಳಿದ ಆಲೂಗಡ್ಡೆಗಳನ್ನು ತಿಪ್ಪೆಗೆ ಎಸೆದಳು. ಪ್ರಾಕ್ಟಿಕಲ್‌ಗೆ ಹೋಗುವುದಿಲ್ಲ ಎಂದಳು. ಮಾವನಿಗೆ ಮುಚ್ಚಳದಲ್ಲಿ ನೀರು ಅಳೆದು ಕೊಡುವಳು, ಮಾತಾಡಳು. ಮಾವನಿಗೆ ಬಾಯಾರಿಕೆಗಿಂತ ಅದು ಹೆಚ್ಚಾಯಿತು. ಒಂದು ದಿನ ಅವಳ ಮುಂದೆ ಕಾಲು ಚಾಚಿದ. "ಭಾಗ್ಯವ್ವ, ಇಲ್ಲಿ ಒತ್ತು."

ಅವಳು ಒತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ನೋಡಿದ್ಯಾ? ಆಲೂಗಡ್ಡೆಗಾದ್ರೆ ಚಾಕು ಬೇಕು. ನಂಗೆ ಬೆರಳು ಸಾಕು. ನಾನು ಮೊದ್ಲಿಂದ್ಲೂ ಹಿಂಗೇ ಕಣವ್ವ, ನಿನ್ನ ಉಪ್ಪಿಂದ ಏನೂ ಆಗಿಲ್ಲ. ನಾಳೆ ಆಲೂಗಡ್ಡೆ ಇಡು. ಕಾಯೋಕೆ ನಾನಿದೀನಿ."

"ಕಳ್ಳನ್ನೇ ಕಾವಲಿಗೆ ಇಟ್ಟಂಗೆ!" ಎಂದಳು ಅವ್ವ ಒಳಗಿನಿಂದ.

"ಅಕ್ಕ, ತ್ವಾಳಕ್ಕಿಂತ ಚೆಂದಾಗಿ ಹಿಂಡು ಯಾರಿಗೆ ಗೊತ್ತಿರ್ತೈತೆ?"

ಮಾರನೇ ದಿನ ನಾನು ಬಾಡಿಗೆಗೆ ಹೋಗಲಿಲ್ಲ. ನನಗೂ ನಂಬಿಕೆ ಇರಲಿಲ್ಲ. ಭಾಗ್ಯ ಪಡಸಾಲೆಯಲ್ಲಿ ತಟ್ಟೆಗಳನ್ನು ಇಟ್ಟಳು, ಹಸಿಯದು ಒಂದರಲ್ಲಿ, ಬೇಯಿಸಿದ್ದು ಒಂದರಲ್ಲಿ. ಮಾವ ಕಂಬಳಿ ಹಾಸಿ, ಕುರಿ ಕಾಯುವ ಕೋಲು ತೊಡೆಯ ಮೇಲೆ ಇಟ್ಟುಕೊಂಡು ಎದುರು ಕೂತ. ಬಿಸಿಲು ಏರಿತು. ತಗಡು ಶೀಟಿನ ಮನೆ, ಒಳಗೆ ಒಲೆಯ ಹಾಗೆ. ಆರೋಗ್ಯವಾಗಿದ್ದ ನಾನೇ ಎರಡು ಚೊಂಬು ಕುಡಿದೆ, ಅವನಿಗೆ ಕಾಣದ ಹಾಗೆ ಹಿತ್ತಲಿಗೆ ಹೋಗಿ. ಮಾವ ಅಲುಗಲಿಲ್ಲ. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನೀರು. ಇರುವೆ ಬಂದರೆ ಊದಿದ, ಕೋಳಿ ಬಂದರೆ ಕೋಲು ಕುಟ್ಟಿದ. ನಾಲಿಗೆ ಅಂಗುಳಿಗೆ ಅಂಟಿ ಮಾತು ಹೊರಡುತ್ತಿರಲಿಲ್ಲ. ಆದರೂ ಗೆಡ್ಡೆಗೆ ಏನೋ ಹೇಳುತ್ತಿದ್ದ. ಹತ್ತಿರ ಹೋಗಿ ಕೇಳಿದೆ. ತೆಲುಗು! "ರಾ ರಾ" ಅಂತ ತಟ್ಟೆಯ ನೀರನ್ನು ಗುಳಿಗೆ ಕರೆಯುತ್ತಿದ್ದ, ಕುರಿಯನ್ನು ಹಟ್ಟಿಗೆ ಕರೆಯುವ ಹಾಗೆ.

ಮಧ್ಯಾಹ್ನ ಗುಳಿಯಲ್ಲಿ ನೀರು ತುಂಬಿ ನಿಂತಿತ್ತು. ಬೇಯಿಸಿದ ಗೆಡ್ಡೆಯಲ್ಲಿ ಉಪ್ಪು ಇಟ್ಟ ಹಾಗೇ ಇತ್ತು.

"ಎಣಿಸ್ಕ. ಒಂದ್ ಹನಿನೂ ತಪ್ಪಿಸ್ಕಂಡಿಲ್ಲ" ಎಂದ ಮಾವ. ಭಾಗ್ಯ ಅವನ ಹೆಗಲ ಮೇಲೆ ತಲೆ ಇಟ್ಟು ಅತ್ತಳು. ಆಮೇಲೆ ಮುಚ್ಚಳ ತಂದು ಅವನ ಪಾಲಿನ ನೀರು ಅಳೆದು ಕೊಟ್ಟಳು. ಹನಿ ಹೆಚ್ಚು ಬಿಡಲಿಲ್ಲ. ಅವನೂ ಕೇಳಲಿಲ್ಲ.

ಪ್ರಾಕ್ಟಿಕಲ್ ಚೆನ್ನಾಗಿ ಆಯಿತು. ಮಾವ ಅದನ್ನು ಊರಿಗೆಲ್ಲ ತಾನೇ ಪಾಸಾದ ಹಾಗೆ ಹೇಳಿಕೊಂಡು ಬಂದ. ಆಮೇಲೆ ಕದಿಯಲಿಲ್ಲ. ಸ್ನಾನಕ್ಕೆ ಹೋದರೆ ಅವ್ವ ಹೇಳದೆಯೇ ಕುರಿ ಹೆಸರು ಕೂಗುತ್ತಿದ್ದ, ನಡುವೆ ಎಲ್ಲೂ ನಿಲ್ಲಿಸದೆ. ನಮಗೆ ಮನೆಯೇ ಬೋರು ಹೊಡೆಯಿತು ಅನ್ನಿ.

ಆದರೆ ಅವನ ಮೈ ಅಷ್ಟರಲ್ಲಿ ಸೋತಿತ್ತು. ಮೆಷಿನ್‌ಗೆ ಹಾಕಿದರೆ ಬಿಪಿ ಬಿದ್ದುಹೋಗುತ್ತಿತ್ತು. ಕೊನೆಗೊಂದು ದಿನ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಮನೆಗೆ ಕರ್ಕೊಂಡು ಹೋಗಿ" ಎಂದರು. ಅದರ ಅರ್ಥ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಪಡಸಾಲೆಯಲ್ಲೇ ಮಲಗಿಸಿದೆವು, ಅವನು ಕಾವಲು ಕೂತಿದ್ದ ಜಾಗದಲ್ಲಿ. ಎರಡನೇ ದಿನ ಬೆಳಿಗ್ಗೆ ಬಿಸಿಲು ಬಾಗಿಲಿಗೆ ಬಂದಾಗ ಕಣ್ಣು ಮುಚ್ಚಿಕೊಂಡೇ ಹೆಸರು ಕೂಗಲು ಶುರು ಮಾಡಿದ. "ಕೆಂಚಿ... ಚುಕ್ಕಿ..." ದನಿ ಸಣ್ಣದು. "ಮೋಟಿ..." ಅಲ್ಲಿಗೆ ನಿಂತಿತು.

ಅವ್ವ ಅವನ ಕೆನ್ನೆ ಹಿಡಿದು ಅಲ್ಲಾಡಿಸಿದಳು. "ಮಾತಾಡ್ಲೇ ತಮ್ಮ. ಮಾತಾಡ್ತಾ ಇರು."

ಅವನು ತುಟಿ ಅಲ್ಲಾಡಿಸಿದ. ಕುರಿಯ ಹೆಸರಲ್ಲ. "ನೀಳ್ಳು" ಎಂದ.

ಭಾಗ್ಯ ಒಳಗೆ ಓಡಿದಳು. ಮುಚ್ಚಳ ಗೂಡಿನಲ್ಲೇ ಇತ್ತು, ಅದನ್ನು ಮುಟ್ಟಲಿಲ್ಲ. ಚೊಂಬಿನ ತುಂಬ ನೀರು ಮೊಗೆದುಕೊಂಡು ಬಂದು, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಾಯಿಗೆ ಬಿಟ್ಟಳು. "ಕುಡಿ ಮಾವ. ಇವತ್ತು ಅಳತೆ ಇಲ್ಲ. ಎಷ್ಟು ಬೇಕೋ ಅಷ್ಟು ಕುಡಿ."

ನೀರು ತುಟಿ ತೋಯಿಸಿ, ಬಾಯಿಯ ಅಂಚಿನಿಂದ ಇಳಿದು, ಮೀಸೆಯ ತುದಿಯಿಂದ ಕಂಬಳಿಗೆ ಬಿತ್ತು. ಮತ್ತೆ ಬಿಟ್ಟಳು. ಮತ್ತೆ ಹಾಗೇ. ಅವ್ವ ಬಾಯಿಗೆ ಸೆರಗು ತುರುಕಿಕೊಂಡಳು. ಭಾಗ್ಯ ಚೊಂಬು ಹಿಡಿದುಕೊಂಡೇ ನನ್ನ ಕಡೆ ನೋಡಿದಳು.

"ಅಣ್ಣ," ಎಂದಳು, "ಎಳೀತಿಲ್ಲ."